ಮೂರನೇ ಕೈಯ ಗಾಡಿ

ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ಡಫಳಾಪುರದ ಓಣಿಗೆ ಯಾರಾದರೂ ಹಳೆ ಬೈಕು ಕೊಂಡು ತಂದರೆ ಕಟ್ಟೆಯ ಮೇಲೆ ಕೂತ ಹಿರಿಯರು ಬೆಲೆ ಕೇಳುವುದು ಆಮೇಲೆ. ಮೊದಲು ಬರುವ ಪ್ರಶ್ನೆ, "ಯಾವ ಪಾಸಿಂಗ್ ಐತೋ ತಮ್ಮಾ?" ಎಂಎಚ್ 10 ಅಂದರೆ ಸಾಂಗಲಿಯದು, ಕಾಗದದ ಕೆಲಸ ಹಗುರ. ಎಂಎಚ್ 13 ಸೊಲ್ಲಾಪುರದ್ದು, ಎಂಎಚ್ 09 ಕೊಲ್ಹಾಪುರದ್ದು. ಅವಕ್ಕೂ ದೊಡ್ಡ ಅಡ್ಡಿಯಿಲ್ಲ, ಒಂದೇ ರಾಜ್ಯ. ಕೆಎ 23 ಎಂದೋ ಕೆಎ 28 ಎಂದೋ ಹುಡುಗ ಹೇಳಿದನೆಂದರೆ ಮುಂದಿನ ಮಾತು ತಡವಿಲ್ಲದೆ ಬರುತ್ತದೆ: "ಎನ್‌ಓಸಿ ತಂದೀಯಿಲ್ಲೋ?"

ಚಿಕ್ಕೋಡಿಯ, ವಿಜಯಪುರದ ನಂಬರಿನ ಗಾಡಿ ಇಲ್ಲಿಗೆ ಬರುವುದು ಆಶ್ಚರ್ಯವಲ್ಲ. ಜತ್ತ ಸಂಸ್ಥಾನವನ್ನು ಆಳಿದ ಡಫಳೆ ಮನೆತನಕ್ಕೆ ಹೆಸರು ಬಂದದ್ದೇ ಈ ಊರಿನಿಂದ. ಇಲ್ಲಿಯ ಪಾಟೀಲಕಿ ಅವರದು, ವಿಜಾಪುರದ ಆದಿಲಶಾಹಿಯಿಂದ ದೇಶಮುಖಿ ಪಡೆದು ಮೇಲೆ ಬಂದವರು. ಡಫಳಾಪುರ ಬೇರೆಯೇ ಜಹಗೀರಾಗಿದ್ದು 1917ರಲ್ಲಿ ಜತ್ತಕ್ಕೆ ಸೇರಿತು. 1948ರ ಮಾರ್ಚಿನಲ್ಲಿ ಜತ್ತವೂ ಮುಂಬಯಿ ಪ್ರಾಂತದಲ್ಲಿ ಕೂಡಿಕೊಂಡಿತು. ಮರುವರ್ಷ ದಕ್ಷಿಣ ಸಾತಾರಾ ಜಿಲ್ಲೆ, 1960ರಲ್ಲಿ ಅದೇ ಜಿಲ್ಲೆಗೆ ಸಾಂಗಲಿ ಎಂಬ ಹೆಸರು. ನಕ್ಷೆ ಇಷ್ಟು ಸಲ ಬದಲಾದರೂ ಬೀಗತನ, ದನದ ವ್ಯಾಪಾರ, ಜಾತ್ರೆ ಬದಲಾಗಲಿಲ್ಲ. ಅಥಣಿ ಕಡೆಗೆ ಮಗಳನ್ನು ಕೊಟ್ಟವರಿದ್ದಾರೆ, ವಿಜಯಪುರ ಜಿಲ್ಲೆಯಿಂದ ಸೊಸೆ ತಂದವರಿದ್ದಾರೆ. ಬೀಗರ ಮನೆಯಲ್ಲಿ ಹೊಸ ಗಾಡಿ ಬಂದರೆ ಅಲ್ಲಿಯ ಹಳೆ ಗಾಡಿ ಗಡಿ ದಾಟಿ ಇಲ್ಲಿಯ ಅಂಗಳಕ್ಕೆ ಬರುತ್ತದೆ. ಗಾಡಿ ಒಂದು ದಿನದಲ್ಲಿ ಬಂದುಬಿಡುತ್ತದೆ. ಅದರ ಕಾಗದ ಬರಲು ವರ್ಷ ಹಿಡಿಯುವುದೂ ಉಂಟು.

ಈ ಸೀಮೆಯಲ್ಲಿ ಮೊದಲ ಗಾಡಿ ಎರಡನೇ ಕೈಯದೋ ಮೂರನೇ ಕೈಯದೋ ಆಗಿರುವುದಕ್ಕೆ ಕಾರಣ ಹುಡುಕಬೇಕಿಲ್ಲ. ಜತ್ತ ಬರದ ತಾಲೂಕು. ಮ್ಹೈಸಾಳ ಏತ ನೀರಾವರಿಯಿಂದ ಕೃಷ್ಣೆಯ ನೀರು ಮುಟ್ಟಿದ ಕಡೆ ದ್ರಾಕ್ಷಿ, ದಾಳಿಂಬೆ. ಮುಟ್ಟದ ಕಡೆ ಜೋಳ, ಸಜ್ಜೆ, ಕುರಿ. ಹೊಸ ನೂರು ಸಿಸಿ ಬೈಕು ರಸ್ತೆಗಿಳಿಯುವ ಹೊತ್ತಿಗೆ ಮುಕ್ಕಾಲು ಲಕ್ಷ ದಾಟುತ್ತದೆ. ಮಳೆ ನಂಬಿ ಬದುಕುವ ಮನೆಯಲ್ಲಿ ಆ ದುಡ್ಡು ಒಟ್ಟಿಗೆ ಕೈಸೇರುವುದಿಲ್ಲ. ಆದರೆ ಬೆಳಗಿನ ಹಾಲು ಡೇರಿಗೆ ಮುಟ್ಟಬೇಕು, ತೋಟಕ್ಕೆ ಔಷಧಿ ಬರಬೇಕು, ಮಗ ಜತ್ತದ ಕಾಲೇಜಿಗೆ ಹೋಗಬೇಕು, ನಡುರಾತ್ರಿ ಕರೆಂಟು ಬಂದರೆ ಮೋಟಾರು ಚಾಲೂ ಮಾಡಲು ಹೊಲಕ್ಕೆ ಓಡಬೇಕು. ಹೀಗಾಗಿ ಯಾರೋ ಹತ್ತು ವರ್ಷ ಓಡಿಸಿದ ಗಾಡಿಯ ಮೇಲೆ ಹದಿನೆಂಟು ತುಂಬಿದ ಹುಡುಗ ಮೊದಲ ಸಲ ಕೂರುತ್ತಾನೆ.

ಆ ಗಾಡಿ ಬಹುಮಟ್ಟಿಗೆ ಸ್ಪ್ಲೆಂಡರ್ ಆಗಿರುತ್ತದೆ. ಅದಕ್ಕೂ ಮುಂಚಿನ ಕಾಲ ರಾಜದೂತ್ ಮತ್ತು ಯೆಜ್ಡಿಯದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಗಿ 1996ರಲ್ಲಿ ಬಾಗಿಲು ಮುಚ್ಚಿತು. ಅಲ್ಲಿಂದ ಬಂದ ಯೆಜ್ಡಿಯಲ್ಲಿ ಕಿಕ್ ಹೊಡೆಯುವ ಕಡ್ಡಿಯೇ ಗೇರಿನ ಕಡ್ಡಿ: ಹಿಂದಕ್ಕೆ ತಿರುಗಿಸಿ ಒದ್ದರೆ ಚಾಲೂ, ಮುಂದಕ್ಕೆ ಮಲಗಿಸಿದರೆ ಗೇರು. ಅವೆಲ್ಲ ಟೂ ಸ್ಟ್ರೋಕ್ ಎಂಜಿನ್ನುಗಳು, ಪೆಟ್ರೋಲಿಗೆ ಆಯಿಲ್ ಬೆರೆಸಿಯೇ ಹಾಕಬೇಕಿತ್ತು. 1985ರಲ್ಲಿ ಹೀರೋ ಹೋಂಡಾ ಸಿಡಿ 100 ಬಂದಾಗ ಅದರ ಜಾಹೀರಾತು ಹೇಳಿದ್ದು ಮೂರೇ ಮಾತು: ತುಂಬಿಸಿ, ಮುಚ್ಚಿ, ಮರೆತುಬಿಡಿ. ಆಯಿಲ್ ಬೆರೆಸುವ ತಾಪತ್ರಯವಿಲ್ಲದ ಫೋರ್ ಸ್ಟ್ರೋಕ್ ಎಂಜಿನ್ನು, ಲೀಟರಿಗೆ ಹಿಂದೆಂದೂ ಕೇಳದಷ್ಟು ಮೈಲೇಜು. 1994ರಲ್ಲಿ ಅದೇ ಎಂಜಿನ್ನಿನ ದಾರಿ ಹಿಡಿದು ಸ್ಪ್ಲೆಂಡರ್ ಬಂತು. 97.2 ಸಿಸಿ, ನಾಲ್ಕು ಗೇರು, ನೆಲಕ್ಕೆ ಹೆಚ್ಚುಕಡಿಮೆ ಸಮನಾಗಿ ಮಲಗಿದ ಒಂದೇ ಸಿಲಿಂಡರು. ಆ ಮಲಗಿದ ಎಂಜಿನ್ನಿನ ವಂಶ ಹೋಂಡಾ ಕಂಪನಿ 1958ರಲ್ಲಿ ತಂದ ಸೂಪರ್ ಕಬ್ಬಿನವರೆಗೆ ಹೋಗುತ್ತದೆ. 2017ರ ಹೊತ್ತಿಗೆ ಸೂಪರ್ ಕಬ್ ಜಗತ್ತಿನಲ್ಲಿ ಹತ್ತು ಕೋಟಿ ತಯಾರಾಗಿತ್ತು. ಜತ್ತದ ಯಾವ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲೂ ಸ್ಪ್ಲೆಂಡರಿನ ಸಾಮಾನು ಸಿಗುತ್ತದೆ, ಯಾವ ಮಿಸ್ತ್ರಿಗೂ ಅದರ ಒಳಹೊರಗು ಗೊತ್ತು. ಹಳೆ ಗಾಡಿ ಕೊಳ್ಳುವವನಿಗೆ ಇದಕ್ಕಿಂತ ದೊಡ್ಡ ಗುಣ ಬೇರೆ ಬೇಕಿಲ್ಲ.

ಆದರೆ "ಮರೆತುಬಿಡಿ" ಎಂಬ ಮಾತು ಈ ಮಣ್ಣಿನಲ್ಲಿ ನಡೆಯುವುದಿಲ್ಲ. ಹಳೆ ಗಾಡಿಯನ್ನು ಮರೆತವನನ್ನು ಜತ್ತದ ಧೂಳು, ಜಾಲಿಯ ಮುಳ್ಳು, ಪಡುವಣ ಗಾಳಿ ಮೂರೂ ಸೇರಿ ನೆನಪಿಸುತ್ತವೆ.

ಗಾಡಿ ನೋಡಲು ಹೋಗುವಾಗ ತಿಳಿದವರೊಬ್ಬರನ್ನು ಕರೆದುಕೊಂಡು ಹೋಗುವುದು ರೂಢಿ. ತಿಳಿದ ಮಿಸ್ತ್ರಿ ಮೊದಲು ಮಾಡುವ ಕೆಲಸ ಎಂಜಿನ್ನಿನ ಮೇಲೆ ಅಂಗೈ ಇಡುವುದು. ಬಿಸಿಯಿದ್ದರೆ ಮಾರುವವನು ಮುಂಚೆಯೇ ಚಾಲೂ ಮಾಡಿಟ್ಟಿದ್ದಾನೆ ಎಂದರ್ಥ. ತಣ್ಣಗಿದ್ದ ಎಂಜಿನ್ನು ಎಷ್ಟು ಕಿಕ್ಕಿಗೆ ಏಳುತ್ತದೆ ಎಂಬುದೇ ಅದರ ಆರೋಗ್ಯ ಹೇಳುವುದು. ಚಾಲೂ ಆದ ಮೇಲೆ ಹೊಗೆ ನೋಡಬೇಕು. ನೀಲಿ ಛಾಯೆಯ ಹೊಗೆ ಬಂದರೆ ಆಯಿಲ್ ಸುಡುತ್ತಿದೆ, ರಿಂಗು ಇಲ್ಲವೇ ವಾಲ್ವಿನ ಸೀಲು ಹೋಗಿದೆ, ಹಾಫ್ ಎಂಜಿನ್ ಕೆಲಸ ಬಂದಿದೆ. ಕಪ್ಪು ಹೊಗೆಯಾದರೆ ಪೆಟ್ರೋಲು ಹೆಚ್ಚಾಗಿ ಹೋಗುತ್ತಿದೆ, ಕಾರ್ಬುರೇಟರೋ ಏರ್ ಫಿಲ್ಟರೋ ನೋಡಿದರೆ ಮುಗಿಯಿತು. ಮೀಟರನ್ನು ನಂಬುವುದು ಕಷ್ಟ. ಹಳೆ ಮೀಟರು 99,999 ದಾಟಿದರೆ ಮತ್ತೆ ಸೊನ್ನೆಯಿಂದ ಶುರು, ತಿರುಗಿಸುವವರೂ ಇದ್ದಾರೆ. ಮೀಟರಿನಲ್ಲಿ ಇಪ್ಪತ್ತು ಸಾವಿರ ಕಿಲೋಮೀಟರು ತೋರಿಸುತ್ತಿದ್ದು, ಬ್ರೇಕಿನ ಪೆಡಲು ಸವೆದು ಕನ್ನಡಿಯಾಗಿದ್ದರೆ, ಕಾಲಿಡುವ ರಬ್ಬರಿನ ಗೆರೆಗಳು ಅಳಿಸಿದ್ದರೆ, ರಬ್ಬರಿನ ಮಾತೇ ಖರೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರೆ. 2319 ಎಂದಿದ್ದರೆ 2019ರ ಇಪ್ಪತ್ಮೂರನೇ ವಾರದಲ್ಲಿ ತಯಾರಾದದ್ದು. ಗೆರೆ ಚೆನ್ನಾಗಿದ್ದರೂ ಬಿಸಿಲಿಗೆ ಒಣಗಿ ಸೀಳು ಬಿಟ್ಟ ಟೈರನ್ನು ಬೆಲೆಯಲ್ಲಿ ಕಳೆಯಲೇಬೇಕು. ಕೊನೆಗೆ ಮಿಸ್ತ್ರಿ ಗಾಡಿಯನ್ನು ಡಬಲ್ ಸ್ಟ್ಯಾಂಡಿಗೆ ಹಾಕಿ, ಹಿಂದಿನಿಂದ ಒಬ್ಬನಿಗೆ ಒತ್ತಲು ಹೇಳಿ, ಮುಂದಿನ ಗಾಲಿ ಎತ್ತಿಸಿ ಹ್ಯಾಂಡಲನ್ನು ಒಂದೇ ಬೆರಳಿನಿಂದ ಎಡಕ್ಕೆ ಬಲಕ್ಕೆ ತಿರುಗಿಸುತ್ತಾನೆ. ಸರಿ ನಡುವಿನಲ್ಲಿ ಹ್ಯಾಂಡಲು ಗಕ್ಕನೆ ಹಿಡಿದು ನಿಂತರೆ ಕೋನ್ ಸೆಟ್ ಹೋಗಿದೆ. ಅದು ದೊಡ್ಡ ಖರ್ಚಲ್ಲ, ಆದರೆ ಹಾಗೇ ಓಡಿಸಿದರೆ ಗಾಡಿ ನೆಟ್ಟಗೆ ಹೋಗಲು ಒಪ್ಪುವುದಿಲ್ಲ, ಹೊಸಬ ತನಗೇ ಓಡಿಸಲು ಬರುವುದಿಲ್ಲ ಎಂದುಕೊಳ್ಳುತ್ತಾನೆ.

ಇಷ್ಟು ನೋಡಿದವರೂ ಕಾಗದದಲ್ಲಿ ಎಡವುತ್ತಾರೆ. ಹೆಸರು ಬದಲಿಸುವ ಟಿಟಿ ಫಾರ್ಮಿನ ಮೇಲೆ ಸಹಿ ಹಾಕಿಸಿಕೊಂಡು, ಆರ್‌ಸಿಯ ಜೊತೆ ಟ್ರಂಕಿನಲ್ಲಿಟ್ಟು, "ನಿಧಾನಕ್ಕೆ ಮಾಡಸೂಣು" ಎಂದು ಓಡಿಸುತ್ತ ಹೋಗುವುದು ಎಲ್ಲ ಕಡೆಯ ಚಾಳಿ. ಕಾಯಿದೆ ಅಷ್ಟು ನಿಧಾನ ಒಪ್ಪುವುದಿಲ್ಲ. ಅದೇ ರಾಜ್ಯದೊಳಗಿನ ಮಾರಾಟವಾದರೆ ಮಾರಿದವನು ಹದಿನಾಲ್ಕು ದಿನದಲ್ಲಿ, ಕೊಂಡವನು ಮೂವತ್ತು ದಿನದಲ್ಲಿ ಆರ್‌ಟಿಓಗೆ ತಿಳಿಸಬೇಕು. ಫಾರ್ಮ್ 29 ಮಾರಿದ ಸುದ್ದಿಗೆ, ಫಾರ್ಮ್ 30 ಹೆಸರು ಬದಲಿಗೆ. ಗಾಡಿಯ ಮೇಲೆ ಸಾಲವಿದ್ದು ತೀರಿದ್ದರೆ ಬ್ಯಾಂಕಿನಿಂದ ಫಾರ್ಮ್ 35 ಬೇಕು, ಇಲ್ಲವಾದರೆ ಆರ್‌ಸಿಯ ಮೇಲೆ ಸಾಲದ ಮಾತು ಹಾಗೇ ಉಳಿಯುತ್ತದೆ. ಕರ್ನಾಟಕದ ನಂಬರಿನ ಗಾಡಿಯಾದರೆ ಅಲ್ಲಿಯ ಆರ್‌ಟಿಓದಿಂದ ಫಾರ್ಮ್ 28ರ ನಿರಾಕ್ಷೇಪಣಾ ಪತ್ರ, ಅಂದರೆ ಎನ್‌ಓಸಿ. ಮೋಟಾರು ವಾಹನ ಕಾಯಿದೆಯ 47ನೇ ಕಲಮಿನಂತೆ ಬೇರೆ ರಾಜ್ಯದ ಗಾಡಿಯನ್ನು ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಇಟ್ಟುಕೊಂಡರೆ ಇಲ್ಲಿಯ ಹೊಸ ನಂಬರು ಪಡೆಯಲೇಬೇಕು, ಇಲ್ಲಿಯ ತೆರಿಗೆ ಕಟ್ಟಲೇಬೇಕು. ಗಡಿಯೂರಿನ ಮನುಷ್ಯನಿಗೆ ಇದು ಅನ್ಯಾಯವೆನಿಸುವುದು ಸಹಜವೇ; ಹೊಲ ಇತ್ತ, ಬೀಗರು ಅತ್ತ, ಗಾಡಿ ದಿನಾ ಎರಡೂ ಕಡೆ. ಆದರೂ ನಿಯಮ ಇರುವುದು ಹೀಗೆ.

ಹೆಸರು ಬದಲಾಗದ ಆರ್‌ಸಿ ಏನು ಮಾಡುತ್ತದೆ ಎಂಬುದಕ್ಕೆ ಸುಪ್ರೀಂ ಕೋರ್ಟಿನ ತೀರ್ಪೇ ಇದೆ. 2018ರ ಫೆಬ್ರವರಿಯ ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ಪ್ರಕರಣ ಅದು. ಒಂದು ವಾಹನ ಕೈಯಿಂದ ಕೈಗೆ ಮಾರಾಟವಾಗುತ್ತ ಹೋಯಿತು, ಆರ್‌ಸಿಯಲ್ಲಿ ಮಾತ್ರ ಮೊದಲಿನವನ ಹೆಸರೇ ಉಳಿಯಿತು. 2009ರಲ್ಲಿ ಅದೇ ವಾಹನದಿಂದ ಅಪಘಾತವಾಗಿ ಜೀವ ಹೋಯಿತು. ಮೂವರು ನ್ಯಾಯಮೂರ್ತಿಗಳ ಪೀಠ ಹೇಳಿದ್ದು, ಕಾಯಿದೆಯ ಕಣ್ಣಿಗೆ ಆರ್‌ಸಿಯಲ್ಲಿ ಹೆಸರಿದ್ದವನೇ ಮಾಲೀಕ, ಪರಿಹಾರದ ಹೊಣೆ ಅವನದೇ. ಎಂದೋ ಮಾರಿ ಮರೆತ ಗಾಡಿಗಾಗಿ ಮನೆಗೆ ನೋಟಿಸು ಬರಬಹುದು ಎಂಬುದು ಮಾರುವವನ ತಲೆಯಲ್ಲಿರಬೇಕು. ಕೊಳ್ಳುವವನಿಗೂ ಬೇರೆ ಪೆಟ್ಟಿದೆ. ವಿಮೆ ಅವನ ಹೆಸರಿಗೆ ಆಗದೆ ಗಾಡಿ ಕಳುವಾದರೆ ಇಲ್ಲವೇ ಜಖಂ ಆದರೆ ಆ ದುಡ್ಡಿಗೆ ಅವನು ಕೈ ಚಾಚುವಂತಿಲ್ಲ.

ಇನ್ನು ಓಡಿಸುವುದು. ಸೈಕಲ್ಲು ಬಂದವನಿಗೆ ಬೈಕು ಬರುತ್ತದೆ ಎಂಬ ಮಾತು ಅರ್ಧ ಮಾತ್ರ ನಿಜ. ತೋಲ ಬರುತ್ತದೆ, ಬ್ರೇಕು ಬರುವುದಿಲ್ಲ. ಸೈಕಲ್ಲಿನ ಮೇಲೆ ಇಳಿಜಾರಿನಲ್ಲಿ ಮುಂದಿನ ಬ್ರೇಕು ಹಿಡಿದು ಮಗುಚಿಬಿದ್ದವರ ಕತೆ ಕೇಳಿ ಬೆಳೆದ ಹುಡುಗರು ಬೈಕಿನ ಮುಂದಿನ ಬ್ರೇಕನ್ನು ಮುಟ್ಟುವುದೇ ಇಲ್ಲ. ವಿಷಯ ತಿರುವುಮುರುವು. ಬ್ರೇಕು ಹಾಕಿದಾಗ ಗಾಡಿಯ ಭಾರ ಮುಂದಿನ ಗಾಲಿಯ ಮೇಲೆ ಬೀಳುತ್ತದೆ, ಹಿಂದಿನದು ಹಗುರಾಗುತ್ತದೆ. ಹಿಂದಿನದೊಂದನ್ನೇ ಒತ್ತಿದರೆ ಗಾಲಿ ಸಿಕ್ಕಿಕೊಂಡು ಜಾರುತ್ತದೆ, ಗಾಡಿ ನಿಲ್ಲುವುದಿಲ್ಲ. ಗಟ್ಟಿ ಡಾಂಬರಿನ ಮೇಲೆ ಎರಡನ್ನೂ ಕೂಡಿಸಿ, ಮುಂದಿನದನ್ನು ಮೆಲ್ಲಗೆ ಹಿಂಡುತ್ತ ಬರಬೇಕು. ಗರಸು, ಮರಳು ಚೆಲ್ಲಿದ ಕಡೆ, ಒದ್ದೆಯಾದ ಎರೆಮಣ್ಣಿನ ಮೇಲೆ ಮುಂದಿನ ಬ್ರೇಕಿಗೆ ಕೈ ಹಾಕುವುದು ತಪ್ಪು. ಗಂಟೆಗೆ ಅರವತ್ತರಲ್ಲಿ ಹೋಗುವ ಗಾಡಿ ಒಂದು ಸೆಕೆಂಡಿಗೆ ಹದಿನಾರು ಮೀಟರಿಗೂ ಹೆಚ್ಚು ಸಾಗುತ್ತದೆ. ಎದುರಿಗೆ ಕುರಿಹಿಂಡು ಬಂದದ್ದು ಕಂಡು, ಕೈ ಬ್ರೇಕಿಗೆ ಹೋಗುವಷ್ಟರಲ್ಲೇ ಆ ಹದಿನಾರು ಮೀಟರು ಮುಗಿದಿರುತ್ತದೆ. ಮಾಡಗ್ಯಾಳ ತಳಿಯ ಕುರಿಗೆ ಹೆಸರಾದ ತಾಲೂಕಿನಲ್ಲಿ ಈ ಲೆಕ್ಕ ಪುಸ್ತಕದ್ದಲ್ಲ.

ಸ್ಪ್ಲೆಂಡರಿನ ಗೇರುಗಳು ನಾಲ್ಕೂ ಮುಂದಕ್ಕೇ ಒತ್ತುವಂಥವು. ಗೆಳೆಯನ ಪಲ್ಸರ್ ಓಡಿಸಿ ಕಲಿತವನಿಗೆ ಇಲ್ಲಿ ಕಾಲು ತಪ್ಪುತ್ತದೆ. ಅಲ್ಲಿ ಮೊದಲ ಗೇರು ಕೆಳಕ್ಕೆ, ಉಳಿದವು ಮೇಲಕ್ಕೆ. ಗಾಡಿ ಬದಲಾದ ಮೊದಲ ವಾರ ಖಾಲಿ ಮಾಳದಲ್ಲೇ ಓಡಿಸಿ ಕಾಲಿಗೆ ಹೊಸ ರೂಢಿ ಹಾಕಿಸಬೇಕೆಂದು ಹಳಬರು ಹೇಳುವುದು ಇದಕ್ಕೇ.

ಆಷಾಢದ ಗಾಳಿ ಈ ಕಡೆಯ ಮತ್ತೊಂದು ಪರೀಕ್ಷೆ. ಢಾಲಗಾಂವ, ಜತ್ತ ಭಾಗದ ಬೋಳು ಮಾಳಗಳಲ್ಲಿ ಗಾಳಿಯಂತ್ರಗಳನ್ನು ಸುಮ್ಮನೆ ನೆಟ್ಟಿಲ್ಲ. ಮಳೆಗಾಲದಲ್ಲಿ ಪಡುವಣದಿಂದ ಬೀಸುವ ಗಾಳಿ ಮರವಿಲ್ಲದ ರಸ್ತೆಯ ಮೇಲೆ ಬೈಕನ್ನು ಪಕ್ಕಕ್ಕೆ ನೂಕುತ್ತದೆ. ಹೊಸಬರು ಹೆದರಿ ಹ್ಯಾಂಡಲನ್ನು ಬಿಗಿಯಾಗಿ ಹಿಡಿಯುತ್ತಾರೆ, ಮೊಣಕೈ ಸೆಟೆಸುತ್ತಾರೆ. ಗಾಳಿಯ ಪ್ರತಿ ಹೊಡೆತ ತೋಳಿನ ಮೂಲಕ ನೇರ ಮುಂದಿನ ಗಾಲಿಗೆ ಹೋಗುತ್ತದೆ. ಮೊಣಕಾಲಿನಿಂದ ಟ್ಯಾಂಕು ಒತ್ತಿ ಹಿಡಿದು, ಮೊಣಕೈ ಸಡಿಲ ಬಿಟ್ಟು, ವೇಗ ಇಳಿಸಿದರೆ ಗಾಡಿ ತಾನೇ ಸುಧಾರಿಸಿಕೊಳ್ಳುತ್ತದೆ. ಪಡುವಣಕ್ಕೆ ಮುಖ ಮಾಡಿ ಹೊರಟ ದಿನ ಮೈಲೇಜು ಕಡಿಮೆಯಾಯಿತೆಂದು ಮಿಸ್ತ್ರಿಯ ಹತ್ತಿರ ಓಡುವವರಿದ್ದಾರೆ. ಅಂದು ದೋಷ ಗಾಳಿಯದು, ಕಾರ್ಬುರೇಟರಿನದಲ್ಲ.

ರಾತ್ರಿಯ ಮಾತನ್ನು ಬಿಡಿಸಿ ಹೇಳಲೇಬೇಕು. ಹಳೆ ಸ್ಪ್ಲೆಂಡರಿನ ಹೆಡ್‌ಲೈಟಿಗೆ ಕರೆಂಟು ಬರುವುದು ಬ್ಯಾಟರಿಯಿಂದಲ್ಲ, ಎಂಜಿನ್ನಿನ ಮ್ಯಾಗ್ನೆಟ್ ಕಾಯಿಲಿನಿಂದ. ರೇಸು ಇದ್ದರೆ ಬೆಳಕು, ರೇಸು ಬಿಟ್ಟರೆ ಮಬ್ಬು. ರಸ್ತೆ ಸರಿಯಾಗಿ ಕಾಣದೆ ಹುಡುಗ ವೇಗ ಇಳಿಸುತ್ತಾನೆ, ಇಳಿಸಿದ ಗಳಿಗೆಯೇ ಬೆಳಕೂ ಇಳಿಯುತ್ತದೆ. ಗೇರು ಒಂದು ಕೆಳಗೆ ತಂದು ಎಂಜಿನ್ನಿನ ರೇಸು ಉಳಿಸಿಕೊಂಡರೆ ನಿಧಾನದಲ್ಲೂ ಬೆಳಕು ಸಿಗುತ್ತದೆ. ಕಬ್ಬಿನ ಹಂಗಾಮಿನಲ್ಲಿ ಹಿಂದೆ ಕೆಂಪು ದೀಪವಿಲ್ಲದ, ರೇಡಿಯಂ ಪಟ್ಟಿಯೂ ಇಲ್ಲದ ಟ್ರ್ಯಾಕ್ಟರ್ ಟ್ರೇಲರುಗಳು ಅಥಣಿ ಕಡೆಯ ರಸ್ತೆಯಲ್ಲೂ ಸಾಂಗಲಿ ಕಡೆಯ ರಸ್ತೆಯಲ್ಲೂ ಕತ್ತಲಲ್ಲಿ ನಿಂತಿರುತ್ತವೆ. ಛಟ್ಟಿ ಅಮಾವಾಸ್ಯೆ ಬಂತೆಂದರೆ ಗುಡ್ಡಾಪುರದ ದಾನಮ್ಮದೇವಿಗೆ ಕರ್ನಾಟಕದಿಂದ ಪಾದಯಾತ್ರೆ ಹೊರಟ ಭಕ್ತರು ರಾತ್ರಿಯೆಲ್ಲ ರಸ್ತೆಯ ಅಂಚಿನಲ್ಲಿ ನಡೆಯುತ್ತಾರೆ. ಆ ದಿನಗಳಲ್ಲಿ ಹೊಸ ಸವಾರ ಕತ್ತಲಾದ ಮೇಲೆ ಗಾಡಿ ತೆಗೆಯದಿದ್ದರೆ ಅವನಿಗೂ ಒಳ್ಳೆಯದು, ನಡೆಯುವವರಿಗೂ ಒಳ್ಳೆಯದು.

ಹೆಲ್ಮೆಟ್ಟಿನ ವಿಷಯದಲ್ಲಿ ಸೆಕೆಯ ನೆಪ, ಕೂದಲಿನ ನೆಪ, "ಇಲ್ಲೇ ಹೊಲಕ್ಕ ಹೊಂಟೀನಿ" ಎಂಬ ನೆಪ ಎಲ್ಲ ಊರಲ್ಲೂ ಒಂದೇ. ಕೇಂದ್ರ ಸರ್ಕಾರದ ರಸ್ತೆ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491. ಅವರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರದವರು. ಹೆಲ್ಮೆಟ್ ಇಲ್ಲದೆ ಸತ್ತವರು 50,029. ಅವರಲ್ಲಿ ಹದಿನಾಲ್ಕು ಸಾವಿರಕ್ಕೂ ಹೆಚ್ಚು ಜನ ಹಿಂದೆ ಕೂತಿದ್ದವರು. ಐಎಸ್‌ಐ ಗುರುತಿಲ್ಲದ ಹೆಲ್ಮೆಟ್ ಮಾರುವುದನ್ನು 2021ರ ಜೂನ್ 1ರಿಂದ ನಿಷೇಧಿಸಿದ್ದಾರೆ. ಗದ್ದದ ಪಟ್ಟಿ ಹಾಕದೆ ತಲೆಯ ಮೇಲಿಟ್ಟ ಹೆಲ್ಮೆಟ್ಟು ಬಿದ್ದಾಗ ಮೊದಲು ಹಾರಿಹೋಗುತ್ತದೆ, ತಲೆ ಆಮೇಲೆ ನೆಲ ಮುಟ್ಟುತ್ತದೆ. ಹಳೆ ಗಾಡಿಗೆ ಹಳೆ ಹೆಲ್ಮೆಟ್ಟನ್ನು ಉಚಿತವಾಗಿ ಕೊಡುವ ಪದ್ಧತಿಯೂ ಇದೆ. ಗಾಡಿ ಎಷ್ಟನೇ ಕೈಯದಾದರೂ ಇರಲಿ, ಹೆಲ್ಮೆಟ್ಟು ಮೊದಲನೇ ಕೈಯದೇ ಇರಬೇಕು.

ರಿಪೇರಿಯ ವಿದ್ಯೆ ಶುರುವಾಗುವುದು ಬಹುಪಾಲು ಪಂಚರಿನಿಂದ. ಜಾಲಿಯ ಬೇಲಿ ಕಡಿದು ಮುಳ್ಳುಕಂಟಿ ಎಳೆದುಕೊಂಡು ಹೋದ ದಾರಿಯಲ್ಲಿ ಟ್ಯೂಬಿನ ಟೈರು ಉಳಿಯುವುದು ಅಪರೂಪ. ಪಂಚರ್ ತೆಗೆಸಿ ಬಂದ ಮರುದಿನವೇ ಅದೇ ಗಾಲಿಯ ಹವಾ ಮತ್ತೆ ಇಳಿದರೆ ಅಂಗಡಿಯವನನ್ನು ಬೈಯುವ ಮುಂಚೆ ಟೈರಿನ ಒಳಮೈ ನೋಡಬೇಕು. ಮುಳ್ಳಿನ ತುದಿ ರಬ್ಬರಿನಲ್ಲೇ ಮುರಿದು ಕೂತಿರುತ್ತದೆ. ಹೊರಗಿನಿಂದ ಕಾಣುವುದಿಲ್ಲ; ಹರಿದ ಬಟ್ಟೆಯ ತುಂಡನ್ನು ಒಳಗೆ ಸುತ್ತಲೂ ಎಳೆದರೆ ಎಳೆ ಸಿಕ್ಕಿಕೊಂಡ ಕಡೆ ಮುಳ್ಳಿದೆ. ಹವಾದ ಅಳತೆಯನ್ನೂ ನೋಡಬೇಕು. ಸ್ಪ್ಲೆಂಡರಿಗೆ ಮುಂದೆ 25 ಪಿಎಸ್ಐ, ಹಿಂದೆ ಒಬ್ಬನೇ ಇದ್ದರೆ 28, ಹಿಂದೆ ಇನ್ನೊಬ್ಬರು ಕೂತರೆ 40ರ ಆಸುಪಾಸು. ಎರಡೂ ಕಡೆ ಹಾಲಿನ ಕ್ಯಾನು ಕಟ್ಟಿಕೊಂಡು ಇಪ್ಪತ್ತೆಂಟರ ಹವಾದಲ್ಲಿ ಓಡಿಸಿದರೆ ಟೈರು ಕಾದು ಪಕ್ಕ ಬಿರಿಯುತ್ತದೆ.

ಚೈನಿನ ಕೆಲಸವನ್ನು ಮನೆಯಂಗಳದಲ್ಲೇ ಮಾಡಿಕೊಳ್ಳಬಹುದು. ಸ್ಪ್ಲೆಂಡರಿನ ಚೈನು ಪೂರಾ ತಗಡಿನ ಕವರಿನೊಳಗೆ ಇರುತ್ತದೆ. ಕವರಿನ ಮೇಲೆ ಒಂದು ಸಣ್ಣ ರಬ್ಬರಿನ ಮುಚ್ಚಳ. ಅದನ್ನು ಉಗುರಿನಿಂದ ಎಬ್ಬಿಸಿ ಬೆರಳು ಹಾಕಿದರೆ ಚೈನು ಸಿಗುತ್ತದೆ. ಮೇಲೆ ಕೆಳಗೆ ಆಡಿಸಿದಾಗ ಎರಡು, ಎರಡೂವರೆ ಸೆಂಟಿಮೀಟರು ಆಡಬೇಕು. ಹೆಚ್ಚು ಆಡಿದರೆ ಕವರಿಗೆ ಬಡಿದು ಕಟಕಟ ಸದ್ದು; ಬಿಗಿಯಾದರೆ ಸ್ಪ್ರಾಕೆಟ್ಟಿನ ಹಲ್ಲು, ಬೇರಿಂಗು ಎರಡೂ ಸವೆಯುತ್ತವೆ. ಗಾಲಿಯನ್ನು ಸ್ವಲ್ಪ ಸ್ವಲ್ಪ ತಿರುಗಿಸಿ ನಾಲ್ಕಾರು ಕಡೆ ನೋಡಬೇಕು, ಸವೆದ ಚೈನು ಒಂದು ಕಡೆ ಸಡಿಲ, ಇನ್ನೊಂದು ಕಡೆ ಬಿಗಿ ಇರುತ್ತದೆ. ಹಿಂದಿನ ಅಚ್ಚಿನ ನಟ್ಟು ಸಡಿಲಿಸಿ, ಎರಡೂ ಪಕ್ಕದ ಅಡ್ಜಸ್ಟರುಗಳನ್ನು ಒಂದೇ ಗೆರೆಗೆ ತಂದು, ಮತ್ತೆ ಬಿಗಿ ಮಾಡುವುದು. ಒಂದು ಪಕ್ಕ ಒಂದು ಗೆರೆ ಹೆಚ್ಚಾದರೂ ಗಾಲಿ ವಾರೆಯಾಗುತ್ತದೆ. ಗಾಲಿ ಹಿಂದಕ್ಕೆ ಸರಿದ ಮೇಲೆ ಬ್ರೇಕಿನ ರಾಡು ಬಿಗಿಯುತ್ತದೆ, ಆದ್ದರಿಂದ ಪೆಡಲಿನ ಆಟವನ್ನೂ ಮತ್ತೆ ನೋಡಬೇಕು. ಇದನ್ನು ಮರೆತವರ ಬ್ರೇಕು ಹತ್ತು ಮೈಲಿ ಹೋಗುವಷ್ಟರಲ್ಲಿ ಕಾದು ವಾಸನೆ ಹೊಡೆಯುತ್ತದೆ. ಕೊನೆಗೆ 90 ನಂಬರಿನ ಗೇರ್ ಆಯಿಲ್ಲು ಹನಿಹನಿಯಾಗಿ. ಒಂದು ಪಾನಾ, ಒಂದು ಚಿಂದಿ ಬಟ್ಟೆ, ಅರ್ಧ ತಾಸು ಹೊತ್ತು.

ಎಂಜಿನ್ ಆಯಿಲ್ಲು ನೋಡುವ ಕಡ್ಡಿಯ ವಿಷಯ ಹಲವು ವರ್ಷ ಓಡಿಸಿದವರಿಗೂ ಗೊತ್ತಿರುವುದಿಲ್ಲ. ಗಾಡಿಯನ್ನು ಸಮನೆಲದಲ್ಲಿ ಡಬಲ್ ಸ್ಟ್ಯಾಂಡಿಗೆ ಹಾಕಿ, ಕಡ್ಡಿ ತಿರುಗಿಸಿ ತೆಗೆದು, ಒರೆಸಿ, ಮತ್ತೆ ಒಳಗಿಡುವಾಗ ತಿರುಗಿಸಬಾರದು, ಸುಮ್ಮನೆ ಕೂರಿಸಿ ಎತ್ತಬೇಕು. ಪೂರಾ ತಿರುಗಿಸಿ ನೋಡಿದರೆ ಇಲ್ಲದ ಆಯಿಲ್ಲು ಇದ್ದಂತೆ ತೋರುತ್ತದೆ. ಒಂದು ಲೀಟರೂ ಹಿಡಿಸದ ಎಂಜಿನ್ನು ಅದು, ಅದರಲ್ಲಿ ಕಾಲು ಲೀಟರು ಕಡಿಮೆಯಾದರೂ ನಷ್ಟ ದೊಡ್ಡದು.

ಧೂಳಿಗೆ ಮೊದಲು ಬಲಿಯಾಗುವುದು ಏರ್ ಫಿಲ್ಟರ್. ಬೇಸಿಗೆಯಲ್ಲಿ ಹೊಲದ ದಾರಿ ಹಿಡಿದ ಗಾಡಿಯ ಫಿಲ್ಟರು ಪುಸ್ತಕದಲ್ಲಿ ಬರೆದ ಅವಧಿಯವರೆಗೆ ಕಾಯುವುದಿಲ್ಲ. ಹಳೆ ಮಾದರಿಯಲ್ಲಿ ಸ್ಪಂಜಿನದು. ತೊಳೆದು, ಒಣಗಿಸಿ, ಸ್ವಲ್ಪ ಆಯಿಲ್ಲು ಹಿಂಡಿ ಹಾಕಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ಈಚಿನವುಗಳಲ್ಲಿ ಆಯಿಲ್ಲು ಸವರಿದ ಕಾಗದದ್ದು. ಅದನ್ನು ತೊಳೆಯುವಂತಿಲ್ಲ, ಹವಾ ಹೊಡೆಯುವಂತಿಲ್ಲ, ಬದಲಿಸಬೇಕು. ಬ್ರೇಕಿನ ಡ್ರಮ್ಮು ಬಿಚ್ಚಿದಾಗ ಒಳಗಿನ ಕರಿ ಧೂಳನ್ನು ಬಾಯಿಂದ ಊದುವ ಚಟ ಹಲವರಿಗೆ. ಹಳೆ ಶೂಗಳಲ್ಲಿ ಕಲ್ನಾರು ಇರಬಹುದು, ಅದು ಪುಪ್ಪುಸಕ್ಕೆ ವಿಷ. ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು.

ಈಗ ಪೆಟ್ರೋಲೂ ಬದಲಾಗಿದೆ. 2025ರಿಂದ ದೇಶದ ಬಂಕುಗಳಲ್ಲಿ ಸಿಗುವುದು ನೂರಕ್ಕೆ ಇಪ್ಪತ್ತು ಭಾಗ ಎಥೆನಾಲ್ ಬೆರೆಸಿದ್ದು. ಕೃಷ್ಣೆಯ ಎರಡೂ ದಂಡೆಯ ಕಾರ್ಖಾನೆಗಳಿಗೆ ಹೋದ ಕಬ್ಬು ಈ ರೂಪದಲ್ಲಿ ಟ್ಯಾಂಕಿಗೆ ವಾಪಸು ಬರುತ್ತಿದೆ. ರೈತನಿಗೆ ಅದರಿಂದ ಬಂದ ಲಾಭ ಸಣ್ಣದಲ್ಲ. ಆದರೆ ಎಥೆನಾಲು ನೀರನ್ನು ಹೀರಿಕೊಳ್ಳುತ್ತದೆ, ಹಳೆ ಗಾಡಿಯ ರಬ್ಬರಿನ ನಳಿಗೆ, ವಾಷರುಗಳು ಅದಕ್ಕೆಂದು ಮಾಡಿದವಲ್ಲ. ಕಾರ್ಬುರೇಟರಿನ ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸುವವರು ಪೆಟ್ರೋಲಿನ ಕಾಕ್ ಬಂದ್ ಮಾಡಿ, ಕಾರ್ಬುರೇಟರು ಖಾಲಿ ಮಾಡಿ ನಿಲ್ಲಿಸಬೇಕು. ನಳಿಗೆ ಗಟ್ಟಿಯಾಗಿದ್ದರೆ, ಬಿರುಕು ಬಿಟ್ಟಿದ್ದರೆ ತಡಮಾಡದೆ ಬದಲಿಸಬೇಕು. ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲು ತೊಟ್ಟಿಕ್ಕುವುದು ಆಟದ ಮಾತಲ್ಲ.

ಇದೆಲ್ಲವನ್ನೂ ಮಿಸ್ತ್ರಿಗೇ ಬಿಡಬಹುದಲ್ಲ ಎಂದು ಕೇಳುವವರಿದ್ದಾರೆ. ಹಾಗೆ ಬಿಡದ ಒಬ್ಬನ ಕತೆಯಿದೆ. ಅಮೆರಿಕದ ರಾಬರ್ಟ್ ಪಿರ್ಸಿಗ್ 1968ರಲ್ಲಿ ಮಗನನ್ನು ಹಿಂದೆ ಕೂರಿಸಿಕೊಂಡು 305 ಸಿಸಿಯ ಹೋಂಡಾದ ಮೇಲೆ ಮಿನೆಸೋಟಾದಿಂದ ಕ್ಯಾಲಿಫೋರ್ನಿಯಾಕ್ಕೆ ಹೋದ. ದಾರಿಯುದ್ದ ಗಾಡಿಯ ಸದ್ದು ಕೇಳುತ್ತ, ತಾನೇ ಬಿಚ್ಚಿ ಜೋಡಿಸುತ್ತ ಹೋದ ಆ ಪ್ರಯಾಣ 1974ರಲ್ಲಿ ಪುಸ್ತಕವಾಗಿ ಹೊರಬಂತು. ಅದರಲ್ಲಿ ಗೆಳೆಯನ ದುಬಾರಿ ಬಿಎಂಡಬ್ಲ್ಯು ಬೈಕಿನ ಹ್ಯಾಂಡಲು ಸಡಿಲಾದ ಪ್ರಸಂಗವಿದೆ. ಬಿಯರಿನ ಡಬ್ಬಿಯ ತಗಡು ಕತ್ತರಿಸಿ ನಡುವೆ ಇಟ್ಟರೆ ಸರಿಹೋಗುತ್ತದೆ ಎಂದು ಪಿರ್ಸಿಗ್ ಸೂಚಿಸುತ್ತಾನೆ, ಗೆಳೆಯನಿಗೆ ಅವಮಾನವಾದಂತೆ ಆಗುತ್ತದೆ. ಜತ್ತದ ಮಿಸ್ತ್ರಿಗೆ ಈ ಕತೆ ಹೇಳಿದರೆ ಅವನಿಗೆ ಗೆಳೆಯನ ಸಿಟ್ಟೇ ಅರ್ಥವಾಗಲಿಕ್ಕಿಲ್ಲ. ಆಯಿಲ್ ಡಬ್ಬಿಯ ತಗಡಿನಿಂದ, ಸೈಕಲ್ ಟ್ಯೂಬಿನ ಪಟ್ಟಿಯಿಂದ ಎಷ್ಟೋ ಗಾಡಿಗಳನ್ನು ಅವನು ಮನೆ ಮುಟ್ಟಿಸಿದವನು. ಆದರೆ ಮಿಸ್ತ್ರಿ ಇರುವುದು ಜತ್ತದಲ್ಲಿ, ಚೈನು ಕಳಚುವುದು ಊರಾಚೆಯ ಮಾಳದಲ್ಲಿ. ಸದ್ದು ಬದಲಾದದ್ದು ದಿನಾ ಓಡಿಸುವವನ ಕಿವಿಗೆ ಮೊದಲು ಬೀಳುತ್ತದೆ. ತನ್ನ ಗಾಡಿಯನ್ನು ತಾನೇ ಒರೆಸಿ, ಬಿಚ್ಚಿ ನೋಡಿದವನು ಮಿಸ್ತ್ರಿಯ ಮುಂದೆ ನಿಂತಾಗ "ಏನೋ ಆಗೇತಿ ಮಾಮಾ" ಎನ್ನುವುದಿಲ್ಲ, "ಮೂರನೇ ಗೇರಿನ್ಯಾಗ ಮಾತ್ರ ಸಪ್ಪಳ ಬರತೈತಿ" ಎನ್ನುತ್ತಾನೆ. ಮಿಸ್ತ್ರಿಗೂ ಕೆಲಸ ಅರ್ಧ ಕಡಿಮೆಯಾಗುತ್ತದೆ, ಬಿಲ್ಲೂ ಇಳಿಯುತ್ತದೆ.

ಹಳೆ ಗಾಡಿ ಮಾರುವವರಲ್ಲಿ ಒಂದು ಕೇಳಿಕೆ. ಕೊಳ್ಳಲು ಬರುವವನು ಬಹಳ ಸಲ ಲೈಸನ್ಸ್ ಈಗಷ್ಟೇ ಪಡೆದ ಹುಡುಗನಾಗಿರುತ್ತಾನೆ. ಹದಿನೆಂಟು ತುಂಬದವನಾದರೆ ಕೀಲಿಯನ್ನು ಅವನ ಕೈಗೆ ಕೊಡಲೇಬೇಡಿ. 2019ರ ತಿದ್ದುಪಡಿಯಾದ ಮೇಲೆ ಅಂಥವನು ಗಾಡಿ ಓಡಿಸಿ ಅಪರಾಧವಾದರೆ ತಂದೆಗೋ ಗಾಡಿಯ ಮಾಲೀಕನಿಗೋ ಮೂರು ವರ್ಷದವರೆಗೆ ಜೈಲು, ಇಪ್ಪತ್ತೈದು ಸಾವಿರ ದಂಡ. ತುಂಬಿದವನಾದರೆ ಬಣ್ಣ ಹೊಡೆಸಿ, ಸೀಟಿನ ಕವರು ಬದಲಿಸಿ ತೋರಿಸುವ ದುಡ್ಡಿನಲ್ಲಿ ಬ್ರೇಕ್ ಶೂ ಹಾಕಿಸಿ ಕೊಡಿ. ಆಯಿಲ್ ಸುಡುತ್ತಿದ್ದರೆ ಹೇಳಿ, ಗಾಡಿ ಒಮ್ಮೆ ಬಿದ್ದಿದ್ದರೆ ಅದನ್ನೂ ಹೇಳಿ, ಎರಡನೇ ಕೀಲಿ ಮತ್ತು ಕಂಪನಿಯ ಪುಸ್ತಕ ಮನೆಯಲ್ಲಿದ್ದರೆ ಹುಡುಕಿ ಕೊಡಿ. ಬೆಲೆ ಒಂದೆರಡು ಸಾವಿರ ಇಳಿಯಬಹುದು. ನಿಮ್ಮ ಗಾಡಿಯ ಮೇಲೆ ಮೊದಲ ಸಲ ರಸ್ತೆಗಿಳಿಯುವವನಿಗೆ ಅದರ ಬ್ರೇಕು ಹಿಡಿಯುತ್ತದೋ ಇಲ್ಲವೋ ಎಂಬುದು ನಿಮಗೊಬ್ಬರಿಗೇ ಗೊತ್ತಿರುತ್ತದೆ.